ಪೋಸ್ಟರ್ ಅಂಟಿಸಿದ ಮೇಲೆ ಏನಾಯಿತು?

ಆರೋಗ್ಯ ಇಲಾಖೆಯ ವಾರ್ಷಿಕ ಯೋಜನೆ ಸಿದ್ಧಪಡಿಸುವ ರಾಜ್ಯ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2025ರ ಜೂನ್ ಕೊನೆ ಮತ್ತು ಜುಲೈ ಮೊದಲ ವಾರಗಳನ್ನು ನೀವು ಮರೆತಿರಲಾರಿರಿ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಟೀವಿಯಲ್ಲಿ ಹಗಲೂ ರಾತ್ರಿ ಓಡಿತು. ಸತ್ತವರಲ್ಲಿ ಕೆಲವರು ಇನ್ನೂ ಎಳೆಯರು. ಬೆಳಕು ಹರಿಯುವ ಮೊದಲೇ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಎದೆಯಲ್ಲಿ ಏನೂ ಆಗದವರೂ ಇಸಿಜಿಗೆ ನಿಂತರು. ಇದಕ್ಕೆಲ್ಲ ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆಮೇಲೆ ತಜ್ಞರ ವರದಿಗಳು ಬಂದವು. ಹೃದಯಾಘಾತ ಅಸಹಜವಾಗಿ ಏರಿದ ಕುರುಹಿಲ್ಲ, ಲಸಿಕೆಗೂ ಈ ಸಾವುಗಳಿಗೂ ನಂಟು ಕಂಡಿಲ್ಲ ಎಂದವು. ಅವು ಬೊಟ್ಟು ಮಾಡಿದ್ದು ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು, ಮದ್ಯದಂಥ ಹಳೆಯ ಕಾರಣಗಳ ಕಡೆಗೆ. ಅಷ್ಟರಲ್ಲಿ ಟೀವಿ ಬೇರೆ ಸುದ್ದಿಗೆ ಹೊರಳಿತ್ತು.

ಆ ಸಾಲಿನಲ್ಲಿ ನಿಂತವರನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ಅವರಿಗೆ ಹೃದಯದ ಬಗ್ಗೆ ಹೆದರಬೇಕು ಎನ್ನುವುದು ಗೊತ್ತಿತ್ತು. ಹೆದರಿದ ಮೇಲೆ ಏನು ಮಾಡಬೇಕು ಎನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇವತ್ತಿನ ಇಸಿಜಿ ಸರಿಯಿದ್ದರೆ ಅದು ಇವತ್ತಿನ ಮಾತು ಮಾತ್ರ ಎಂಬುದು ಅಲ್ಲಿ ಎಷ್ಟು ಜನಕ್ಕೆ ತಿಳಿದಿತ್ತು? ‘ನಾರ್ಮಲ್’ ಎಂದು ಬರೆದ ಕಾಗದ ಹಿಡಿದು ಹೊರಬಂದು ಗೇಟಿನ ಪಕ್ಕದಲ್ಲೇ ಸಿಗರೇಟು ಹಚ್ಚಿದವನಿಗೆ ಆ ಪರೀಕ್ಷೆಯಿಂದ ದಕ್ಕಿದ್ದೇನು?

ಇದೇ ರಾಜ್ಯದಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಹತ್ತಾರು ಸಾವಿರ ರೂಪಾಯಿ ಬೆಲೆಯ, ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ತಾಲ್ಲೂಕಿನಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಇಂಥದ್ದನ್ನು ಕಟ್ಟಿ ನಿಲ್ಲಿಸಿದ್ದಕ್ಕೆ ನಿಮಗೆ ವಂದನೆ ಸಲ್ಲಬೇಕು. ಆದರೆ ಆ ಮದ್ದು ನೋವು ಶುರುವಾದ ಮೊದಲ ಕೆಲವು ತಾಸುಗಳಲ್ಲಿ ಸಿಕ್ಕರೆ ಮಾಡುವ ಉಪಕಾರವನ್ನು ತಡವಾದಂತೆಲ್ಲ ಮಾಡಲಾರದು. ಈಗ ಒಂದು ಸಾಮಾನ್ಯ ಮನೆಯನ್ನು ನೆನೆಯಿರಿ. ರಾತ್ರಿ ಎರಡು ಗಂಟೆ. ಐವತ್ತರ ಯಜಮಾನರಿಗೆ ಎದೆ ಹಿಂಡಿದಂತಾಗುತ್ತದೆ, ಮೈ ಬೆವರುತ್ತದೆ, ಎಡಗೈ ಸೆಳೆಯುತ್ತದೆ. ‘ಏನಿಲ್ಲ, ಗ್ಯಾಸ್ಟ್ರಿಕ್ಕು’ ಎನ್ನುತ್ತಾರೆ. ಹೆಂಡತಿ ಜೀರಿಗೆ ನೀರು ಕೊಡುತ್ತಾರೆ. ಮಗ ಇನೋ ಪೊಟ್ಟಣ ಹುಡುಕುತ್ತಾನೆ. ಬೆಳಗಾಗಲಿ, ಡಾಕ್ಟರ ಹತ್ತಿರ ಹೋದರಾಯಿತು ಎಂದು ಮಲಗಿಸುತ್ತಾರೆ. ಮದ್ದು ಹದಿನೈದು ಕಿಲೋಮೀಟರ್ ದೂರದ ಕಪಾಟಿನಲ್ಲಿ ಉಳಿಯುತ್ತದೆ.

ನಿಮ್ಮ ಯೋಜನೆ ಕಪಾಟಿನ ತನಕ ಬಂದಿದೆ. ಜಗಲಿಯಿಂದ ಕಪಾಟಿನವರೆಗಿನ ಹದಿನೈದು ಕಿಲೋಮೀಟರ್ ಅದರಲ್ಲಿಲ್ಲ. ಆ ದಾರಿಯನ್ನೂ ಯೋಜನೆಯೊಳಗೆ ತನ್ನಿ ಎಂದು ಕೇಳಲು ಈ ಪತ್ರ.

ಬರೆಯುತ್ತಿರುವವನು ವೈದ್ಯನಲ್ಲ, ಆಸ್ಪತ್ರೆ ಮತ್ತು ಆರೋಗ್ಯದ ಸುದ್ದಿ ಬರೆಯುವ ಪತ್ರಕರ್ತ. ಜಿಲ್ಲಾ ಪಂಚಾಯಿತಿ ಸಭಾಂಗಣಗಳ ಹಿಂದಿನ ಸಾಲಿನಲ್ಲಿ ಕುಳಿತು ಅವನು ಕೇಳಿದ ಪ್ರಗತಿ ಪರಿಶೀಲನೆಗಳ ಧಾಟಿ ನಿಮಗೂ ಪರಿಚಿತ. ಜಾಗೃತಿ ಕಾರ್ಯಕ್ರಮಗಳ ಸರದಿ ಬಂದಾಗ ಎದ್ದು ನಿಂತವರು ಓದುತ್ತಾರೆ: ಕರಪತ್ರ ಇಷ್ಟು, ಗೋಡೆ ಬರಹ ಇಷ್ಟು, ಜಾಥಾ ಇಷ್ಟು, ಬೀದಿ ನಾಟಕ ಇಷ್ಟು. ಭೌತಿಕ ಪ್ರಗತಿ ನೂರಕ್ಕೆ ನೂರು, ಆರ್ಥಿಕ ಪ್ರಗತಿ ನೂರಕ್ಕೆ ನೂರು. ಮುಂದಿನ ವಿಷಯ. ಕರಪತ್ರ ಹಿಡಿದವರಿಗೆ ಏನು ತಿಳಿಯಿತು ಎಂದು ಆ ಸಭೆಗಳಲ್ಲಿ ಯಾರೂ ಕೇಳಿದ್ದನ್ನು ಅವನು ಕಾಣಲಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಹೆಣ್ಣುಮಕ್ಕಳಲ್ಲಿ ಶೇ 68.08. ಅಂದರೆ ಆಗ ಏಳು ವರ್ಷ ಮೀರಿದ ಹೆಣ್ಣುಮಕ್ಕಳಲ್ಲಿ ಹತ್ತರಲ್ಲಿ ಮೂವರು ಓದಲಾರದವರು. ಪರಿಸ್ಥಿತಿ ಈಗ ಸುಧಾರಿಸಿರಬಹುದು, ಆದರೂ ಮನೆಯ ಹಿರಿಯ ಹೆಂಗಸರೇ ಕಾಯಿಲೆಯ ಹೊತ್ತಿನಲ್ಲಿ ತೀರ್ಮಾನ ಮಾಡುವ ಊರುಗಳಲ್ಲಿ ಗೋಡೆ ಬರಹದ ಮಿತಿ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಓದಬಲ್ಲವರ ಪಾಡೂ ಬಹಳ ಬೇರೆಯಲ್ಲ. ಪದವಿ ಪಡೆದವರೇ ಜ್ವರ ಬಂದ ಮೂರನೇ ದಿನಕ್ಕೆ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೊಟಿಕ್ ಕೊಳ್ಳುತ್ತಾರೆ, ಎರಡು ದಿನ ನುಂಗಿ ಬಿಡುತ್ತಾರೆ. ಅಕ್ಷರ ಬಲ್ಲವರೆಲ್ಲ ಆರೋಗ್ಯದ ವಿಷಯ ಬಲ್ಲವರಲ್ಲ.

ಡೆಂಗಿಯನ್ನೇ ನೋಡಿ. 2024ರಲ್ಲಿ ರಾಜ್ಯದ ಪ್ರಕರಣಗಳು ಸುಮಾರು 25,000 ಮುಟ್ಟಿದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ದಂಡ ಗೊತ್ತು ಮಾಡಿತು. ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ದಂಡ ತಪ್ಪೆಂದು ಇಲ್ಲಿ ವಾದವಿಲ್ಲ. ಆದರೆ ಇವತ್ತಿಗೂ ಜನ ಡೆಂಗಿ ಸೊಳ್ಳೆಯನ್ನು ಹುಡುಕುವುದು ಚರಂಡಿಯಲ್ಲಿ. ಬೀದಿಗೆ ಹೊಗೆ ಹೊಡೆಯುವ ಗಾಡಿ ಬಂದರೆ ಪುರಸಭೆ ಕೆಲಸ ಮಾಡಿತು ಎಂದು ಸಮಾಧಾನ. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ತಿಳಿನೀರಿನಲ್ಲಿ: ಬಚ್ಚಲ ಡ್ರಮ್ಮಿನಲ್ಲಿ, ಮುಚ್ಚಳ ಸಡಿಲವಾದ ಟ್ಯಾಂಕಿನಲ್ಲಿ, ಹೂಕುಂಡದ ತಟ್ಟೆಯಲ್ಲಿ, ಹಿತ್ತಲಿನ ತೆಂಗಿನ ಚಿಪ್ಪಿನಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ. ಕಚ್ಚುವುದು ಹಗಲಿನಲ್ಲಿ.

ಇಷ್ಟನ್ನು ಪೋಸ್ಟರ್ ಹೇಳುತ್ತದೆ, ನಿಜ. ಅದರ ಜೊತೆಗೆ ‘ನೀರು ಶೇಖರಿಸಿಡಬೇಡಿ’ ಎಂದೂ ಹೇಳುತ್ತದೆ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಿಡುವ ಪಟ್ಟಣದ ಗೃಹಿಣಿ ಅದನ್ನು ಓದಿ ನಕ್ಕು ಮುಂದೆ ಹೋಗದೆ ಇನ್ನೇನು ಮಾಡಿಯಾಳು? ಆಕೆಗೆ ಬೇಕಾದ ಮಾತು ಬೇರೆ. ನೀರು ಹಿಡಿದಿಡಿ, ಆದರೆ ಬಟ್ಟೆ ಕಟ್ಟಿ ಮುಚ್ಚಿ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಒಳಗೋಡೆಯನ್ನು ಬ್ರಷ್ಷಿನಿಂದ ಗಸಗಸ ಉಜ್ಜಿ, ಏಕೆಂದರೆ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಬತ್ತಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು, ವಾರದ ಗಡುವು ಅದಕ್ಕೇ. ಕಾರಣ ಗೊತ್ತಾದವಳು ಯಾರೂ ಕಾಯದಿದ್ದರೂ ಉಜ್ಜುತ್ತಾಳೆ.

ಕಾಯಿಲೆ ಬಂದ ಮೇಲಿನ ತಿಳಿವಳಿಕೆ ಇನ್ನೂ ತೆಳು. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಪ್ಲೇಟ್‌ಲೆಟ್ ಎಷ್ಟು? ಪಪ್ಪಾಯಿ ಎಲೆಯ ರಸಕ್ಕೆ ಓಡಾಟ. ಜ್ವರ ಇಳಿದ ಕೂಡಲೇ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಡೆಂಗಿಯಲ್ಲಿ ಅಪಾಯದ ದಿನಗಳು ಹಲವು ಸಲ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆ ವಿಪರೀತ ನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಮಂಕು, ಮೂತ್ರ ಕಡಿಮೆಯಾಗುವುದು ಕಂಡರೆ ಅರೆಕ್ಷಣ ತಡ ಮಾಡಬಾರದು. ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ. ಈ ನಾಲ್ಕೈದು ವಾಕ್ಯಗಳು ಪ್ರತಿ ಮನೆಯಲ್ಲೂ ಬಾಯಿಪಾಠವಾಗಿದ್ದರೆ ಎಷ್ಟು ಹಾಸಿಗೆಗಳು ಖಾಲಿ ಉಳಿದಾವು, ಎಷ್ಟು ಜೀವ ಉಳಿದಾವು ಎಂದು ಲೆಕ್ಕ ಹಾಕುವವರು ನೀವೇ.

ಇನ್ನು ಮಲೆನಾಡು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ವರ್ಷವರ್ಷ ಮರಳುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಎಷ್ಟೋ ಮನೆಗಳಿಗೆ ನುಗ್ಗಿತು. ವರ್ಷಗಟ್ಟಲೆ ಕೊಟ್ಟ ಹಳೆಯ ಲಸಿಕೆಯ ಬಲ ಕುಂದಿತೆಂದು ತಿಳಿದ ಮೇಲೆ 2022ರಲ್ಲಿ ಅದನ್ನು ಕೊಡುವುದು ನಿಂತಿತು. ಹೊಸದು ತಯಾರಾಗುತ್ತಿದೆ. ಅದು ಕೈಗೆ ಬರುವವರೆಗೆ ಇರುವ ಆಯುಧ ತಿಳಿವಳಿಕೆ ಒಂದೇ: ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಇಲಾಖೆ ಕೊಡುವ ಡೆಪಾ ತೈಲ ಹಚ್ಚುವುದು, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಮೀಯುವುದು, ರೋಗ ಹರಡುವ ಉಣುಗು ಹತ್ತಿದೆಯೇ ಎಂದು ಮೈ ನೋಡಿಕೊಳ್ಳುವುದು, ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು.

ಇದರಲ್ಲಿ ಕೊನೆಯದು ಬಹಳ ಮುಖ್ಯ. ಮಂಗಗಳು ಮನುಷ್ಯರಿಗಿಂತ ಮೊದಲು ಸಾಯುತ್ತವೆ. ಸತ್ತ ಮಂಗದ ಸುದ್ದಿ ಕೊಟ್ಟ ದನಗಾಹಿ ಹುಡುಗ ಇಡೀ ಊರಿಗೆ ಮುನ್ನೆಚ್ಚರಿಕೆ ಕೊಟ್ಟ ಹಾಗೆ. ಆದರೆ ಸುದ್ದಿ ಕೊಟ್ಟರೆ ವಿಚಾರಣೆ, ಅಲೆದಾಟ ಎಂದು ಹೆದರಿ ಸುಮ್ಮನಾಗುವವರನ್ನು ಈ ಪತ್ರ ಬರೆದವನು ಆ ಸೀಮೆಯಲ್ಲಿ ಕಂಡಿದ್ದಾನೆ. ಅಲ್ಲಿನ ಒಂದು ಮನೆಯ ಜಗಲಿಯಲ್ಲಿ ಹಿರಿಯ ಹೆಂಗಸೊಬ್ಬರು ಉಣುಗು ಯಾವ ತಿಂಗಳಲ್ಲಿ ಎಲ್ಲಿ ಇರುತ್ತದೆ, ಕೊಟ್ಟಿಗೆಗೆ ತರುವ ದರಗಿನ ಜೊತೆ ಹೇಗೆ ಮನೆಗೆ ಬರುತ್ತದೆ ಎಂದು ವಿವರಿಸಿದ್ದು ಯಾವ ಕೈಪಿಡಿಗೂ ಕಡಿಮೆ ಇರಲಿಲ್ಲ. ‘ನಮ್ಮನ್ನ ಯಾರು ಕೇಳ್ತ್ರು?’ ಎಂದರು ಅವರು. ತರಬೇತಿಗೆ ಜನರನ್ನು ಹುಡುಕುವ ಯೋಜನೆಗಳು ಇಂಥವರನ್ನು ಬೋಧಕರ ಕುರ್ಚಿಯಲ್ಲಿ ಕೂರಿಸಲಿ.

ಹಾವಿನ ಕಡಿತದ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಯಿತು. 2024ರ ಫೆಬ್ರುವರಿಯಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ವರದಿಯಾಗಬೇಕಾದರೆ ಕಚ್ಚಿಸಿಕೊಂಡವನು ಆಸ್ಪತ್ರೆಗೆ ಬರಬೇಕಲ್ಲ? ಹೊಲದಲ್ಲಿ ಕೊಳಕುಮಂಡಲ ಕಚ್ಚಿದರೆ ಇವತ್ತಿಗೂ ಮೊದಲು ಆಗುವ ಕೆಲಸ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ನಾಟಿ ಔಷಧಿ ಕೊಡುವವರ ಮನೆಗೆ ಓಡುವುದು. ಮೂರೂ ಕೆಡುಕೇ. ಕಟ್ಟುಹಾವಿನದು ಇನ್ನೊಂದು ಬಗೆಯ ಮೋಸ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವು ಅಷ್ಟಾಗಿ ಇಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ಮಗುವಿನ ರೆಪ್ಪೆ ಜೋಲುತ್ತಿದ್ದರೆ ಅದು ಅಜೀರ್ಣವಲ್ಲ, ಹಾವಿರಬಹುದು ಎಂದು ತಾಯಿಗೆ ಹೊಳೆಯಬೇಕು. ಆ ಹೊಳಹು ಔಷಧಿ ಡಬ್ಬಿಯಲ್ಲಿ ಸರಬರಾಜಾಗುವುದಿಲ್ಲ.

ರಕ್ತಹೀನತೆಯ ಅಂಕಿಗಳು ನಿಮ್ಮ ಮೇಜಿನ ಮೇಲೇ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8, ಐದರೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತ ಸಾಲದು. ಕಬ್ಬಿಣಾಂಶದ ಮಾತ್ರೆ ಹಂಚಿಕೆಯಾಗುತ್ತದೆ, ರಿಜಿಸ್ಟರಿನಲ್ಲಿ ಸಹಿಯೂ ಬೀಳುತ್ತದೆ. ಮಾತ್ರೆ ನುಂಗಿದ ಮರುದಿನ ಮಲ ಕಪ್ಪಗಾದದ್ದು ಕಂಡು ಗರ್ಭಿಣಿ ಬೆಚ್ಚುತ್ತಾಳೆ, ಹೊಟ್ಟೆ ತೊಳಸುತ್ತದೆ, ಅತ್ತೆ ‘ಬಿಡೇ, ಮಗು ಕಪ್ಪಗಾದೀತು’ ಎನ್ನುತ್ತಾರೆ. ಮಾತ್ರೆಯ ಹಾಳೆ ಅಕ್ಕಿ ಡಬ್ಬದ ಹಿಂದೆ ಸೇರುತ್ತದೆ. ಮಲ ಕಪ್ಪಗಾಗುವುದು ಸಹಜ, ಊಟವಾದ ಮೇಲೆ ನುಂಗಿದರೆ ತೊಳಸು ಕಡಿಮೆ, ಕಾಫಿ-ಟೀ ಜೊತೆ ಬೇಡ, ನಿಂಬೆರಸದ ಜೊತೆ ಒಳ್ಳೆಯದು ಎಂದು ಮೊದಲೇ, ಅತ್ತೆಯ ಎದುರಿಗೇ ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಷ್ಟು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷಕ್ಕೆ ಯಾವ ಯೋಜನೆಯಲ್ಲೂ ಜಾಗವಿಲ್ಲ.

ಮಾನ್ಯರೇ, ಜನರಿಗೆ ತಿಳಿಹೇಳುವುದು ಈ ನೆಲಕ್ಕೆ ಹೊಸ ವಿದ್ಯೆಯಲ್ಲ. ಐರಿಷ್ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲೊಬ್ಬರು ಸೆರಗು ಸರಿಸಿ ತೋಳು ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡಳೆಂದರೆ ಊರು ನಂಬುತ್ತದೆ ಎಂಬ ಲೆಕ್ಕಾಚಾರ ಆಗಲೇ ಇತ್ತು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಮಂಡ್ಯ ಸೀಮೆಯಲ್ಲಿ ಗ್ರಾಮೀಣ ಆರೋಗ್ಯದ ಪ್ರಯೋಗಕ್ಕೆ ಇಳಿಯಿತು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮುಂದಾಯಿತು. ಜಗತ್ತಿನ ಬಹುತೇಕ ಸರ್ಕಾರಗಳು ಆ ಮಾತೆತ್ತಲೂ ಅಳುಕುತ್ತಿದ್ದ ಕಾಲ ಅದು. ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಶುರು ಮಾಡಿದ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸಲು ಕಲಿಸಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ರಾಜ್ಯದ ಆರೋಗ್ಯ ವ್ಯವಸ್ಥೆಯನ್ನು ಬುಡದಿಂದ ತುದಿವರೆಗೆ ಪರಿಶೀಲಿಸಿತ್ತು. ಯೋಜನೆ ಬರೆಯುವ ಶಕ್ತಿಗೆ ಈ ರಾಜ್ಯದಲ್ಲಿ ಎಂದೂ ಬರವಿರಲಿಲ್ಲ.

ತಿಳಿವಳಿಕೆಗೂ ಬರವಿಲ್ಲ. ಅನುಪಮಾ ನಿರಂಜನ ಗರ್ಭಿಣಿ, ಬಾಣಂತಿಯರಿಗಾಗಿ ಬರೆದ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಸಾಗಿವೆ. ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ, ಕಲಬುರಗಿಯ ಡಾ. ಪಿ.ಎಸ್. ಶಂಕರ್ ದೇಹದ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ರಾಶಿ ರಾಶಿ ಬರೆದಿದ್ದಾರೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಆ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಪಕ್ಕ ಇವೂ ಇರುವಂತೆ ಮಾಡಲು ಎರಡು ಇಲಾಖೆಗಳ ನಡುವೆ ಒಂದು ಪತ್ರ ಓಡಾಡಿದರೆ ಸಾಕು.

ಹಣವೂ ಜನವೂ ಸಾಲದು ಎಂಬ ಮಾತು ಬರುತ್ತದೆ, ಅದರಲ್ಲಿ ಸತ್ಯವೂ ಇದೆ. ಆದರೆ ಪಲ್ಸ್ ಪೋಲಿಯೊ ನೆನೆಯಿರಿ. 1995ರಲ್ಲಿ ಶುರುವಾದ ಆ ಕೆಲಸದ ಫಲವಾಗಿ 2014ರ ಮಾರ್ಚಿನಲ್ಲಿ ಭಾರತವಿರುವ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತ ಎಂದು ಘೋಷಣೆಯಾಯಿತು. ಓದು ಬಾರದ ತಾಯಿಗೂ ಗೊತ್ತಿತ್ತು: ಆ ಭಾನುವಾರ, ಐದು ವರ್ಷದೊಳಗಿನ ಮಗು, ಎರಡು ಹನಿ. ಬೂತಿಗೆ ಬಾರದ ಮಗುವಿಗೆ ಮರುದಿನ ಮನೆ ಬಾಗಿಲಲ್ಲಿ ಹನಿ. ಬೆರಳಿಗೆ ಶಾಯಿ, ಬಾಗಿಲಿಗೆ ಗುರುತು. ಬಸ್ ನಿಲ್ದಾಣ, ಇಟ್ಟಿಗೆ ಗೂಡು, ಕಬ್ಬು ಕಡಿಯುವವರ ಗುಡಿಸಲು ಕೂಡ ಪಟ್ಟಿಯಲ್ಲಿ. ಹೇಳಬೇಕಾದ ಮಾತು ಚಿಕ್ಕದಿತ್ತು, ಹೇಳುವವರು ಪರಿಚಿತರಿದ್ದರು, ಹೇಳಿದ್ದು ತಲುಪಿತೇ ಎಂದು ನೋಡುವ ಕ್ರಮವಿತ್ತು. ಜಾಗೃತಿ ಎಂಬುದು ಯೋಜನೆಯ ಕೊನೆಯ ಪುಟದಲ್ಲಿರಲಿಲ್ಲ, ಯೋಜನೆಯೇ ಅದಾಗಿತ್ತು.

ಆದ್ದರಿಂದ ಮುಂದಿನ ವಾರ್ಷಿಕ ಯೋಜನೆಗೆ ಕೂರುವ ಮುನ್ನ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು, ಜಿಲ್ಲೆಗೆ ಐದು ಮಾತು. ಆ ಜಿಲ್ಲೆಯಲ್ಲಿ ಪ್ರತಿ ಮನೆಗೂ ಗೊತ್ತಿರಲೇಬೇಕಾದ ಐದು ವಿಷಯ ಯಾವುವು ಎಂದು ಅಲ್ಲಿನ ವೈದ್ಯರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ಕೂತು ಗೊತ್ತು ಮಾಡಲಿ. ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಉಣುಗು ಮೊದಲಾದರೆ, ಪಾವಗಡ, ಬಾಗೇಪಲ್ಲಿ ಕಡೆ ಕೊಳವೆಬಾವಿಯ ಫ್ಲೋರೈಡ್. ಕಲ್ಯಾಣ ಕರ್ನಾಟಕದಲ್ಲಿ ತಾಯಿ-ಮಕ್ಕಳ ರಕ್ತಹೀನತೆ, ಬೆಂಗಳೂರಿನಲ್ಲಿ ಡ್ರಮ್ಮಿನ ನೀರು. ಎದೆನೋವು ಎಲ್ಲ ಕಡೆ. ಪ್ರತಿ ಮಾತಿನಲ್ಲೂ ಯಾರು, ಯಾವಾಗ, ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದು ಇರಲಿ. ರಾಜಧಾನಿಯಲ್ಲಿ ಅಚ್ಚಾದ ಒಂದೇ ಪೋಸ್ಟರ್ ಬೀದರಿಗೂ ಕೊಡಗಿಗೂ ಬೇಡ.

ಎರಡನೆಯದು, ಪಂಚಾಂಗದಂತೆ ಕೆಲಸ. ಮಂಗನ ಕಾಯಿಲೆ ಡಿಸೆಂಬರಿಗೆ ತಲೆಯೆತ್ತುತ್ತದೆ, ಅದರ ಮಾತು ನವೆಂಬರಿನಲ್ಲೇ ಮನೆ ಮುಟ್ಟಬೇಕು. ಡೆಂಗಿಯ ಮಾತು ಮುಂಗಾರಿಗೆ ಮೊದಲು, ಹಾವಿನದು ಬಿತ್ತನೆಗೆ ಮೊದಲು. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳಿಗೆ ಕರಪತ್ರ ಅಚ್ಚು ಹಾಕಿಸಿದರೆ ಬಿಲ್ಲು ಪಾಸಾದೀತು, ಬೇರೇನೂ ಆಗದು.

ಮೂರನೆಯದು, ಹೇಳುವವರ ವಿಷಯ. ಜಿಲ್ಲಾ ಮತ್ತು ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಗಳ ಹುದ್ದೆ ಖಾಲಿಯಿದ್ದರೆ ತುಂಬಿ, ತುಂಬಿದ್ದರೆ ಅವರನ್ನು ವೇದಿಕೆ ಸಿದ್ಧತೆಗೂ ವರದಿ ಟೈಪಿಗೂ ಬಳಸಬೇಡಿ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತದ್ದನ್ನು ರಾಜ್ಯ ಕಂಡಿದೆ. ಮನೆಮನೆಯ ಅಡುಗೆಕೋಣೆಯವರೆಗೆ ಹೋಗಬಲ್ಲ ಇಲಾಖೆಯ ಏಕೈಕ ದನಿ ಅವರದು. ಅವರಿಗೆ ಹೊತ್ತಿಗೆ ಸರಿಯಾಗಿ ಹಣ ಕೊಡಿ, ರಿಜಿಸ್ಟರುಗಳನ್ನು ಇಳಿಸಿ, ಉಳಿದ ಹೊತ್ತು ಮಾತಾಡಲು ಬಿಡಿ. ಹೇಗೆ ಮಾತಾಡಬೇಕು, ವಾದಿಸುವ ಅತ್ತೆಯನ್ನು ಹೇಗೆ ಒಲಿಸಬೇಕು ಎಂಬುದಕ್ಕೂ ತರಬೇತಿ ಕೊಡಿ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ-ಶುಗರ್ ಪರೀಕ್ಷೆಗೆ ಬಾಗಿಲಿಗೇ ಬರುತ್ತದೆ. ಅಳತೆ ಹೇಳಿ ಎದ್ದು ಹೋಗದೆ, ಆ ಅಳತೆಯ ಅರ್ಥವೇನು, ಬಿಪಿ ಇಳಿದರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು ಏಕೆ ಎಂದು ಹೇಳಿ ಏಳುವಷ್ಟು ಸಮಯವನ್ನು ಗುರಿಯಲ್ಲೇ ಸೇರಿಸಿ.

ನಾಲ್ಕನೆಯದು, ಅವರವರ ಮಾತಿನಲ್ಲಿ. ಗಡಿನಾಡಿನ ತೆಲುಗು, ಮರಾಠಿ ಮನೆಗಳು, ಉರ್ದು ಮೊಹಲ್ಲಾಗಳು, ಲಂಬಾಣಿ ತಾಂಡಾಗಳು, ತುಳು-ಕೊಂಕಣಿ-ಬ್ಯಾರಿ ಕರಾವಳಿ, ಕಾಫಿ ತೋಟಕ್ಕೆ ಬಂದ ಹೊರರಾಜ್ಯದ ಕೂಲಿಕಾರರು ಎಲ್ಲರೂ ಈ ರಾಜ್ಯದ ರೋಗಿಗಳೇ. ಅಚ್ಚಿಗೆ ಹೋಗುವ ಮುನ್ನ ಯಾವುದೇ ಚಿತ್ರವನ್ನು, ಆಡಿಯೊವನ್ನು ಹತ್ತು ಜನ ಸಾಮಾನ್ಯರಿಗೆ ತೋರಿಸಿ, ಕೇಳಿಸಿ ‘ಏನು ತಿಳಿಯಿತು?’ ಎಂದು ಕೇಳಿ. ತಿಳಿಯದಿದ್ದರೆ ಬದಲಾಯಿಸಿ. ಸರ್ಕಾರಿ ಔಷಧಾಲಯದ ಪೊಟ್ಟಣದ ಮೇಲೆ ಸೂರ್ಯ, ಚಂದ್ರ, ಊಟದ ತಟ್ಟೆಯ ಗುರುತು ಹಾಕಿ ಯಾವಾಗ ನುಂಗಬೇಕೆಂದು ಗೀಟೆಳೆದು ಕೊಡಿ. ಖರ್ಚು ಒಂದು ರಬ್ಬರ್ ಸ್ಟಾಂಪಿನದು.

ಐದನೆಯದು, ವದಂತಿಗೆ ಒಂದು ದಿನದೊಳಗೆ ಉತ್ತರ. ಹಾಸನದಲ್ಲಿ ಆದಂತೆ ಗಾಬರಿ ಹಬ್ಬಿದಾಗ ಜಿಲ್ಲೆಯಲ್ಲಿ ಒಬ್ಬ ವೈದ್ಯಾಧಿಕಾರಿ ಪ್ರತಿದಿನ ಒಂದೇ ಹೊತ್ತಿಗೆ ಪತ್ರಕರ್ತರ ಮುಂದೆ ಬಂದು ಗೊತ್ತಿರುವುದನ್ನು, ಇನ್ನೂ ಗೊತ್ತಿಲ್ಲದ್ದನ್ನು ಎರಡನ್ನೂ ಹೇಳಲಿ. ವರದಿ ಬರುವವರೆಗೆ ಮೌನವಾಗಿದ್ದರೆ ಆ ಜಾಗವನ್ನು ಬೇರೆಯವರು ತುಂಬುತ್ತಾರೆ. ಇಲ್ಲಿ ಪತ್ರಕರ್ತರ ಹೊಣೆಯೂ ಇದೆ, ಅದನ್ನು ಈ ಪತ್ರ ತಪ್ಪಿಸಿಕೊಳ್ಳುವುದಿಲ್ಲ. 104 ಆರೋಗ್ಯ ಸಹಾಯವಾಣಿ, ಮನಸ್ಸಿನ ತೊಂದರೆಗೆ 14416 ಟೆಲಿ ಮಾನಸ್ ಇವೆ ಎಂಬುದೇ ಬಹಳ ಮಂದಿಗೆ ತಿಳಿಯದು. ಪಡಿತರ ಅಂಗಡಿಯ ಬಾಗಿಲಲ್ಲಿ, ಬಸ್ಸಿನ ಒಳಗೆ ಈ ಎರಡು ನಂಬರ್ ಕಾಣಲಿ.

ಆರನೆಯದು, ಶಾಲೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಓಆರ್‌ಎಸ್ ಕಲಸುವುದನ್ನು, ಉಸಿರು ನಿಂತವರ ಎದೆ ಒತ್ತುವುದನ್ನು, ಡ್ರಮ್ಮಿನಲ್ಲಿ ಸೊಳ್ಳೆ ಹುಳು ಹುಡುಕುವುದನ್ನು ಕೈಯಿಂದ ಮಾಡಿ ಕಲಿಯಲಿ. ಪ್ರಬಂಧ ಸ್ಪರ್ಧೆ ಸಾಕು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಅಳತೆ. ತಿಳಿವಳಿಕೆಯನ್ನು ಅಳೆಯಲಾಗದು ಎಂಬ ನೆಪ ನಿಲ್ಲದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಚ್‌ಐವಿ ಬಗ್ಗೆ ಜನರಿಗೆ ಪೂರ್ತಿ ತಿಳಿದಿದೆಯೇ ಎಂದು ವರ್ಷಗಳಿಂದ ಕೇಳುತ್ತಿದೆ, ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಟ್ಟಿರಾ ಎಂದು ಕೇಳುತ್ತಿದೆ. ಅದೇ ರೀತಿ ಪ್ರತಿ ತಾಲ್ಲೂಕಿನಲ್ಲಿ ಆರು ತಿಂಗಳಿಗೊಮ್ಮೆ ಮೂವತ್ತು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಐದೇ ಪ್ರಶ್ನೆ ಕೇಳಿ. ರಾತ್ರಿ ಎದೆ ನೋವು ಬಂದರೆ ಏನು ಮಾಡುತ್ತೀರಿ? ಹಾವು ಕಚ್ಚಿದರೆ? ಡೆಂಗಿ ಜ್ವರ ಇಳಿದ ದಿನ? ಕೇಳುವವರು ಬೇರೆ ತಾಲ್ಲೂಕಿನವರಾಗಲಿ. ಸರಿ ಉತ್ತರ ಎಷ್ಟು ಎಂಬ ಅಂಕಿ ಪ್ರಗತಿ ಪರಿಶೀಲನೆಯಲ್ಲಿ ಕರಪತ್ರದ ಅಂಕಿಯ ಜಾಗದಲ್ಲಿ ಕೂರಲಿ, ಗ್ರಾಮಸಭೆಯಲ್ಲೂ ಅದನ್ನು ಓದಿ ಹೇಳಿ. ಕಡಿಮೆ ಬಂದವರನ್ನು ಬೈಯುವ ಬದಲು, ಹೆಚ್ಚು ಬಂದ ತಾಲ್ಲೂಕಿನವರು ಏನು ಮಾಡಿದರೆಂದು ಹೋಗಿ ನೋಡುವ ಪ್ರಯಾಣ ಭತ್ಯೆ ಮಂಜೂರು ಮಾಡಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ಹೊಸ ಕಟ್ಟಡ ಬೇಡ. ಎಲ್ಲವನ್ನೂ ಒಂದೇ ವರ್ಷ ಮಾಡಿ ಎಂದು ಕೇಳುವ ಹಟವೂ ಇಲ್ಲ. ಒಂದು ಜಿಲ್ಲೆಯಲ್ಲಾದರೂ, ಕೊನೆಯ ಕೋರಿಕೆಯಿಂದಲೇ ಶುರು ಮಾಡಿ: ಬರುವ ಏಪ್ರಿಲ್‌ನಲ್ಲಿ ಮೂವತ್ತು ಮನೆ, ಅಕ್ಟೋಬರಿನಲ್ಲಿ ಮತ್ತೆ ಮೂವತ್ತು ಮನೆ. ಬಂದ ಅಂಕಿಗಳನ್ನು, ಅವು ಎಷ್ಟೇ ಕಡಿಮೆಯಿರಲಿ, ಸಾರ್ವಜನಿಕರ ಮುಂದಿಡಿ ಎಂದು ವಿನಂತಿ.

ಇತಿ,
ನಿಮ್ಮ ವಿಶ್ವಾಸಿ,
ಆರೋಗ್ಯದ ಸುದ್ದಿ ಬರೆಯುವ ಒಬ್ಬ ಪತ್ರಕರ್ತ